ಫ್ರೌ ಪಾಗೆಲ್ ಬಿಟ್ಟುಕೊಟ್ಟ ಮನೆ

ಬರ್ಲಿನ್‌ನಲ್ಲಿ ಬಾಡಿಗೆಗೆ ಮನೆ ನೋಡಲು ಹೋಗುವುದೆಂದರೆ ಮನೆ ನೋಡುವುದಲ್ಲ ಸ್ವಾಮಿ, ಮುಂದೆ ನಿಂತವರ ಬೆನ್ನು ನೋಡುವುದು. ಸಾಲು ಬೀದಿಯಲ್ಲಿ ಶುರುವಾಗುತ್ತದೆ, ಅಂಗಳ ದಾಟುತ್ತದೆ, ಮೆಟ್ಟಿಲು ಹತ್ತುತ್ತದೆ. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಫೈಲು. ಅದರೊಳಗೆ ಸಂಬಳದ ಚೀಟಿ, ಹಳೆಯ ಮಾಲೀಕನ ಶಿಫಾರಸು, ನಗುಮುಖದ ಫೋಟೋ. ಹೇಗೋ ಮೇಲೆ ತಲುಪಿದರೆ, ಬಾಗಿಲಲ್ಲಿ ನಿಂತ ಏಜೆಂಟು ಫೋನಿನಿಂದ ತಲೆಯನ್ನೂ ಎತ್ತದೆ, "ಬೇಗ ನೋಡಿ, ಬೇಗ ಇಳೀರಿ" ಎನ್ನುತ್ತಾನೆ. ಹೆಣ್ಣು ನೋಡುವ ಶಾಸ್ತ್ರದಲ್ಲಾದರೂ ಒಂದು ಲೋಟ ಕಾಫಿ ಕೊಡುತ್ತಾರೆ. ಇಲ್ಲಿ ಅದೂ ಇಲ್ಲ.

ಟೋರ್ಬೆನ್ ರೆಷ್ಕೆ ಅರ್ಧ ಚಳಿಗಾಲವನ್ನು ಹೀಗೆ ಬೆನ್ನು ನೋಡಿಯೇ ಕಳೆದ. ಅವನು ಪಾಂಕೋವ್ ಕಡೆಯ ಟ್ರಾಮ್ ಓಡಿಸುವವನು. ಓಡಿಸುವಾಗಲೂ ಅವನ ಕಣ್ಣು ಪರದೆಯಿಲ್ಲದ ಕಿಟಕಿಗಳನ್ನೇ ಹುಡುಕುತ್ತಿತ್ತು. ಪರದೆ ಇಲ್ಲವೆಂದರೆ ಯಾರೋ ಖಾಲಿ ಮಾಡಿರಬಹುದು ಎಂಬ ಆಸೆ. ಡ್ಯೂಟಿ ಮುಗಿದರೆ ಸಮವಸ್ತ್ರದಲ್ಲೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಎರಡು ದಿನ ಬಿಟ್ಟು, "ಕ್ಷಮಿಸಿ, ಮನೆ ಬೇರೆಯವರಿಗೆ ಹೋಯಿತು" ಎಂಬ ಉತ್ತರ ಬರುತ್ತಿತ್ತು. ಅದನ್ನು ಓದಿದರೆ ಅವನಿಗೆ ಬೇಸರವೂ ಆಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮುಟ್ಟಿಕೊಂಡರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಅವನಿಗೆ ಇಡೀ ಮೈ ಹಾಗಾಗಿತ್ತು. "ಸರಿ" ಎಂದುಕೊಂಡು ಫೋನನ್ನು ಜೇಬಿಗಿಳಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದ.

ಹಾಗೆಂದು ಅವನು ಬೀದಿಯಲ್ಲಿ ಮಲಗುತ್ತಿದ್ದವನಲ್ಲ. ಮನೆ ಇತ್ತು. ಹೆಂಡತಿ ವೀಬ್ಕೆ ಇದ್ದಳು, ಎಂಟು ವರ್ಷದ ಮಗಳು ಯೆಟ್ಟೆ ಇದ್ದಳು. ಆದರೆ ಗಂಡ ಹೆಂಡತಿ ಬೇರೆಯಾಗಿದ್ದರು, ಅದೂ ಒಂದೇ ಮನೆಯೊಳಗೆ. ವಿಚ್ಛೇದನ ಬೇಕಾದವರು ಮೊದಲು ಒಂದು ವರ್ಷ ಊಟ ಬೇರೆ, ಹಾಸಿಗೆ ಬೇರೆ ಮಾಡಿಕೊಂಡು ಇರಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಇನ್ನೊಂದು ಮನೆ ಸಿಗದವರು ಒಂದೇ ಸೂರಿನಡಿ ಬೇರೆಯಿದ್ದರೂ ನಡೆಯುತ್ತದೆ. ಒಬ್ಬರು ಇನ್ನೊಬ್ಬರಿಗೆ ಬೇಯಿಸಿ ಹಾಕಬಾರದು, ಬಟ್ಟೆ ಒಗೆದುಕೊಡಬಾರದು, ಅಷ್ಟೆ. ಬೇರೆ ಯಾರಾದರೂ ಆಗಿದ್ದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ನಡೆಸಿಬಿಡುತ್ತಿದ್ದರು. ಇವರಿಬ್ಬರೂ ವ್ರತ ಹಿಡಿದವರಂತೆ ಪಾಲಿಸಿದರು. ಫ್ರಿಜ್ಜಿನಲ್ಲಿ ಮೇಲಿನ ಅರೆ ವೀಬ್ಕೆಯದು, ನಡುವಿನದು ಮಗಳದು, ಕೆಳಗಿನದು ಟೋರ್ಬೆನ್‌ದು. ಎರಡು ಬೆಣ್ಣೆ ಡಬ್ಬಿ, ಎರಡು ಸಾಸಿವೆ ಸೀಸೆ. ಒಮ್ಮೆ ಅವನ ಒಂದು ಕಾಲುಚೀಲ ಅವಳ ಬಟ್ಟೆಗಳ ನಡುವೆ ಸೇರಿಹೋಗಿತ್ತು. ಅವಳು ಅದನ್ನು ಒಗೆಯಲಿಲ್ಲ, ಬೈಯಲೂ ಇಲ್ಲ. ಅವನ ಕೋಣೆಯ ಬಾಗಿಲ ಹಿಡಿಗೆ ನೇತುಹಾಕಿ ಕೆಲಸಕ್ಕೆ ಹೋದಳು.

ಜಗಳವಾಡಿ ಬೇರೆಯಾಗಿದ್ದರೂ ಒಂದು ಲೆಕ್ಕ. ಇವರು ಜಗಳವನ್ನೂ ಆಡಿರಲಿಲ್ಲ. ಒಂದು ಸಂಜೆ ಪಾತ್ರೆ ತೊಳೆಯುತ್ತಾ ವೀಬ್ಕೆ ಕೇಳಿದಳು: "ನಮ್ಮಿಬ್ರ ಮಧ್ಯೆ ಏನೂ ಉಳಿದಿಲ್ಲ, ಅಲ್ವಾ?" ಅವನು ತಟ್ಟೆ ಒರೆಸುತ್ತಾ, "ಹಂಗೇ ಅನ್ಸುತ್ತೆ" ಎಂದ. ಆ ತಟ್ಟೆಯನ್ನು ಒರೆಸಿ ಕಪಾಟಿನಲ್ಲಿಟ್ಟು, ದಿಂಬು ಎತ್ತಿಕೊಂಡು ಅಡುಗೆಮನೆ ಪಕ್ಕದ ಸಣ್ಣ ಕೋಣೆಗೆ ಹೋದ. ಯಾರೂ ಹೋಗು ಎನ್ನಲಿಲ್ಲ. ಇಂಥವನಿಗೆ ಏನು ಹೇಳುವುದು!

ಹೊಸ ವರ್ಷ ಕಳೆದ ಮೇಲೆ ವೀಬ್ಕೆ ಮತ್ತೆ ಮಾತು ತೆಗೆದಳು. "ಟೋರ್ಬೆನ್, ನಂಗೆ ಇನ್ನು ಆಗಲ್ಲ. ಈಸ್ಟರ್ ಒಳಗೆ ಒಬ್ರು ಹೊರಡಲೇಬೇಕು." ಒಬ್ಬರು ಎಂದರೆ ತಾನೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹತ್ತಿರದಲ್ಲಿ ಮನೆ ಸಿಕ್ಕರೆ ಯೆಟ್ಟೆ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಎಂದು ಮಾತಾಗಿತ್ತು. ಸಿಗದಿದ್ದರೆ ಕೋಟ್‌ಬುಸ್‌ನಲ್ಲಿರುವ ಅಣ್ಣನ ಮನೆಯ ಅಟ್ಟವೇ ಗತಿ. ಅಲ್ಲಿಂದ ದಿನಾ ಶಾಲೆಗೆ ಬರುವುದು ಆಗದ ಮಾತು. ಹಾಗಾದರೆ ಮಗಳು ಹದಿನೈದು ದಿನಕ್ಕೊಮ್ಮೆ ರಜೆಯಲ್ಲಿ ಬಂದುಹೋಗುವ ನೆಂಟಳಾಗುತ್ತಾಳೆ. ಸೂಜಿ ಚುಚ್ಚಿದ ಕೆನ್ನೆಯಂತಿದ್ದ ಅವನ ಮೈಯಲ್ಲಿ ಇನ್ನೂ ನೋಯುತ್ತಿದ್ದ ಜಾಗ ಅದೊಂದೇ.

ಮಾರ್ಚ್ ತಿಂಗಳಲ್ಲಿ ಟ್ರಾಮಿನ ಕೊನೆಯ ನಿಲ್ದಾಣದ ದೀಪದ ಕಂಬಕ್ಕೆ ಅಂಟಿಸಿದ್ದ ಒಂದು ಕಾಗದ ಅವನ ಕಣ್ಣಿಗೆ ಬಿತ್ತು. ನಡುಗುವ ಕೈಯ, ಆದರೆ ದಪ್ಪ ಅಕ್ಷರ: "ಎರಡು ಕೋಣೆ, ಹಿಂದಿನ ಕಟ್ಟಡ, ಅಂಗಳದ ಕಡೆ. ಗಂಡ ಹೆಂಡತಿಗೆ ಮಾತ್ರ. ಇಬ್ಬರಿಗೂ ಸಂಬಳ ಇರಬೇಕು, ಮಾಲೀಕರ ಷರತ್ತು. ಮೂರ್ಖರು ಫೋನ್ ಮಾಡಬೇಡಿ. ಪಾಗೆಲ್." ವಿಳಾಸ ಯೆಟ್ಟೆಯ ಶಾಲೆಯ ಹಿಂದಿನ ಬೀದಿಯದು. ಟೋರ್ಬೆನ್ ಅಕ್ಕಪಕ್ಕ ನೋಡಿ ಇಡೀ ಕಾಗದವನ್ನೇ ಕಿತ್ತು ಜೇಬಿಗಿಟ್ಟುಕೊಂಡ. ನೀತಿವಂತರು ಬೇಕಾದರೆ ಅವನನ್ನು ಬೈದುಕೊಳ್ಳಲಿ. ಮನೆ ಹುಡುಕಿದವರು ಬೈಯಲಾರರು.

ಸಂಜೆ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟ. ವೀಬ್ಕೆ ತನ್ನ ಬ್ರೆಡ್ಡಿಗೆ ತನ್ನ ಬೆಣ್ಣೆ ಸವರುತ್ತಾ ಓದಿದಳು.

"ಸರಿ, ಹೋಗೋಣ."

"ಏನಂತ ಹೋಗೋಣ?"

"ಗಂಡ ಹೆಂಡ್ತಿ ಅಂತ. ಇನ್ನೂ ಅದೇ ತಾನೆ ನಾವು? ಕೋರ್ಟಿನೋರೇನು ಇನ್ನೂ ನಮ್ಮನ್ನ ಬಿಡಿಸಿಲ್ಲವಲ್ಲ."

"ಸುಳ್ಳು ಹೇಳ್ದಂಗಾಗಲ್ವಾ?"

"ಹತ್ತು ವರ್ಷ ಮಾಡಿದೀವಿ, ಒಂದು ಗಂಟೆ ಮಾಡೋಕಾಗಲ್ವಾ?" ಎಂದಳು ವೀಬ್ಕೆ. ಅವಳ ದನಿಯಲ್ಲಿ ಕೊಂಕೂ ಇರಲಿಲ್ಲ.

ಫ್ರೌ ಎಂದರೆ ಶ್ರೀಮತಿ. ಈ ಫ್ರೌ ಪಾಗೆಲ್ ಎಂಬತ್ತು ದಾಟಿದ ಮುದುಕಿ. ಕಡ್ಡಿಯಂಥ ಮೈ, ಕತ್ತರಿಯಂಥ ಬಾಯಿ. ಬಾಗಿಲು ತೆಗೆದವಳೇ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಬಲಗಿವಿಯ ಯಂತ್ರ ಕುಯ್ಯೆಂದು ಕೂಗುತ್ತಿತ್ತು.

"ಫೈಲ್ ತಂದಿದೀರಾ?"

ಟೋರ್ಬೆನ್ ಮುಂದೆ ಚಾಚಿದ.

"ಕಂಕುಳಲ್ಲೇ ಇಟ್ಕೊಳಿ. ಅದು ಮಾಲೀಕರಿಗೆ. ಬುಸ್ಸೆ ಅಂತ, ಮುಂದಿನ ಕಟ್ಟಡದಲ್ಲಿ ಕಿಟಕೀಲಿ ದಿಂಬು ಹಾಕ್ಕೊಂಡು ಹೋಗೋರ್ನ ಬರೋರ್ನ ಎಣಿಸ್ತಾ ಕೂತಿರ್ತಾರೆ. ನಾನು ಯಾರನ್ನ ತೋರಿಸ್ತೀನೋ ಅವ್ರಿಗೇ ಕೊಡ್ತಾರೆ. ನಾನು ನೋಡೋದು ಮನುಷ್ಯರನ್ನ. ಕೂತ್ಕೊಳಿ. ನಿಂತ್ಕೊಂಡು ನೋಡೋಕೆ ಇದೇನು ಮ್ಯೂಸಿಯಮ್ಮಾ?"

ಅಡುಗೆಮನೆಯ ಮೇಜಿನ ಮೇಲೆ ಮೂರು ಬಟ್ಟಲು, ಒಲೆಯ ಮೇಲೆ ಬೇಳೆ ಸೂಪಿನ ಪಾತ್ರೆ. ಟೋರ್ಬೆನ್ ವೀಬ್ಕೆಯ ಮುಖ ನೋಡಿದ. ಒಂದೇ ಪಾತ್ರೆಯಿಂದ ಉಂಡು ಎಷ್ಟು ಕಾಲವಾಗಿತ್ತು! ಅವಳು ಸುಮ್ಮನೆ ಕುರ್ಚಿ ಎಳೆದುಕೊಂಡು ಕುಳಿತಳು.

"ಯಾಕೆ ಬಿಟ್ಟು ಹೋಗ್ತಿದೀರಿ ಫ್ರೌ ಪಾಗೆಲ್?" ಎಂದು ಕೇಳಿದಳು.

"ಹಳೇ ಕಮ್ಮಿ ಬಾಡಿಗೆ ಮನೆ ಬಿಟ್ಟು ಹೋಗೋರು ಈ ಊರಲ್ಲಿ ಎರಡೇ ಥರ. ಸತ್ತೋರು, ಹುಚ್ಚು ಹಿಡಿದೋರು. ನಾನು ಮೂರನೇ ಥರ. ಸ್ಟ್ರಾಲ್‌ಸುಂಡ್‌ನಲ್ಲಿ ನಮ್ಮಕ್ಕ ಇದಾಳೆ. ಅವಳಿಗೆ ಕಣ್ಣಿಲ್ಲ, ನಂಗೆ ಕಿವಿಯಿಲ್ಲ. ಇಬ್ರೂ ಸೇರಿದ್ರೆ ಒಂದು ಪೂರ್ತಿ ಮುದುಕಿ ಆಗ್ತೀವಿ." ಅವಳು ತನ್ನ ಮಾತಿಗೆ ತಾನೇ ನಕ್ಕಳು. ಯಂತ್ರ ಇನ್ನೂ ಜೋರಾಗಿ ಕೂಗಿತು. "ಇದೊಂದು ಶನಿ. ನಮ್ಮನೆಯವ್ರು ಇದ್ದಾಗ, ಇದರ ಕೂಗು ಕೇಳಿ ಕೆಟಲಿನ ನೀರು ಕುದೀತು ಅಂತ ಒಲೆ ಆರಿಸೋಕೆ ಎದ್ದು ಹೋಗ್ತಿದ್ರು."

ವೀಬ್ಕೆ ಕೆಲಸ ಮಾಡುವುದು ಕಿವಿ ಯಂತ್ರಗಳ ಅಂಗಡಿಯಲ್ಲಿ. "ಒಂದ್ನಿಮಿಷ ಮುಟ್ಟಲಾ?" ಎಂದು ಕೇಳಿ, ಎದ್ದು ಮುದುಕಿಯ ನರೆಗೂದಲು ಸರಿಸಿ, ಯಂತ್ರ ತೆಗೆದು ಒರೆಸಿ, ಮತ್ತೆ ಕಿವಿಯೊಳಗೆ ಕೂರಿಸಿದಳು. ಕೂಗು ನಿಂತಿತು. ಫ್ರೌ ಪಾಗೆಲ್ ಸ್ವಲ್ಪ ಹೊತ್ತು ತಲೆ ಓರೆ ಮಾಡಿಕೊಂಡು ಆಲಿಸಿದಳು.

"ಅಯ್ಯೋ, ಈ ಗೋಡೆ ಗಡಿಯಾರ ಇನ್ನೂ ನಡೀತಿದ್ಯಾ! ಸತ್ತಿದೆ ಅಂದ್ಕೊಂಡಿದ್ದೆ."

ಸೂಪು ಬಡಿಸಿದಳು. ಮೂವರೂ ತಲೆ ತಗ್ಗಿಸಿ ಉಂಡರು. ಹತ್ತು ವರ್ಷ ಒಟ್ಟಿಗೆ ಉಂಡವರ ಕೈಗೆ ತನ್ನದೇ ನೆನಪಿರುತ್ತದೆ ನೋಡಿ. ವೀಬ್ಕೆಗೆ ಬೇಳೆ ಸೂಪಿಗೆ ವಿನೆಗರ್ ಬೇಕು. ಅವಳು ಕೇಳುವ ಮೊದಲೇ ಟೋರ್ಬೆನ್ ಸೀಸೆಯನ್ನು ಅವಳ ಕಡೆ ಸರಿಸಿದ. ಅವಳು ತನ್ನ ಬಟ್ಟಲಿನ ಕ್ಯಾರೆಟ್ ಚೂರುಗಳನ್ನು ಚಮಚದಲ್ಲಿ ಆರಿಸಿ ಆರಿಸಿ ಅವನ ಬಟ್ಟಲಿಗೆ ಹಾಕಿದಳು. ಹಾಕಿದ ಮೇಲೆ ಇಬ್ಬರಿಗೂ ಅರಿವಾಯಿತು. ಚಮಚಗಳು ಒಂದು ಗಳಿಗೆ ನಿಂತವು, ಮತ್ತೆ ನಡೆದವು. ಫ್ರೌ ಪಾಗೆಲ್‌ಳ ಕಿವಿ ಮಂದವಿರಬಹುದು, ಕಣ್ಣು ಹದ್ದಿನದು. ನೋಡಿಯೂ ತೋರಿಸಿಕೊಳ್ಳಲಿಲ್ಲ.

"ಯಾತಕ್ಕೆ ಜಗಳ ಆಡ್ತೀರಿ ನೀವಿಬ್ರು?" ಎಂದು ಕೇಳಿದಳು.

"ಆಡಲ್ಲ" ಎಂದ ಟೋರ್ಬೆನ್.

"ಹಂಗಾದ್ರೆ ಸೂಪ್ ಮುಗಿಸಿ ಎದ್ದು ಹೋಗಿ. ಬೆಳಿಗ್ಗೆ ಒಂದು ಜೋಡಿ ಬಂದಿತ್ತು. ಚಿನ್ನ, ಬಂಗಾರ, ಜೇನು ಅಂತ ಒಂದೇ ಸಮ. ಮೆಟ್ಟಿಲು ಇಳಿಯೋದ್ರೊಳಗೆ ಕಚ್ಚಾಡಿರ್ತಾರೆ, ನಂಗೊತ್ತು. ಜಗಳ ಆಡಲ್ಲ ಅನ್ನೋರ್ನ ನಾನು ನಂಬಲ್ಲ."

ಟೋರ್ಬೆನ್‌ಗೆ ಕೋಟ್‌ಬುಸ್‌ನ ಅಟ್ಟ ಕಣ್ಣ ಮುಂದೆ ಬಂತು. ಚಮಚ ಕೆಳಗಿಟ್ಟ. ಅಷ್ಟರಲ್ಲಿ ವೀಬ್ಕೆ ಹೇಳಿದಳು:

"ಇವ್ನು ಕಿಟಕಿ ಮುಚ್ತಾನೆ."

"ಏನು?"

"ಬೆಳಿಗ್ಗೆ ಎದ್ದ ತಕ್ಷಣ ನಾನು ಕಿಟಕಿ ತೆಗೀತೀನಿ, ಮನೆಗೆ ಗಾಳಿ ಬೇಕಲ್ಲ. ಇವ್ನು ಹಿಂದೇನೇ ಬಂದು ಮುಚ್ತಾನೆ. ದಿನವಿಡೀ ಟ್ರಾಮಿನ ಬಾಗಿಲು ತೆಗೆದು ಮುಚ್ಚಿ ಸಾಕಷ್ಟು ಚಳಿ ತಿಂದಿದೀನಿ, ಮನೇಲೂ ತಿನ್ನಬೇಕಾ ಅಂತಾನೆ. ಹತ್ತು ವರ್ಷದಿಂದ ನಾನು ತೆಗಿಯೋದು, ಇವ್ನು ಮುಚ್ಚೋದು. ಉಸಿರು ಕಟ್ಟುತ್ತೆ ಫ್ರೌ ಪಾಗೆಲ್."

"ಆಹಾ, ಇದು ಜಗಳ!" ಮುದುಕಿಗೆ ಖುಷಿಯೋ ಖುಷಿ. "ನೀವೇನಂತೀರಿ ಯಜಮಾನರೆ?"

"ಚಳಿ ಆಗುತ್ತೆ" ಎಂದ ಟೋರ್ಬೆನ್. ಇಬ್ಬರು ಹೆಂಗಸರೂ ನಕ್ಕರು. ವೀಬ್ಕೆ ನಕ್ಕಿದ್ದನ್ನು ಅವನು ಎಷ್ಟೋ ತಿಂಗಳ ಮೇಲೆ ಕೇಳಿದ.

ಅವಳು ಎದ್ದು ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದಳು. ಕೆಳಗೆ ಅಂಗಳದಲ್ಲಿ ಇನ್ನೂ ಎಲೆ ಬಾರದ ದೊಡ್ಡ ಮರ, ಅದರಾಚೆ ರೈಲು ಹಳಿಯ ದಿಬ್ಬ. ತಣ್ಣನೆಯ ಗಾಳಿ ಬಂತು. ಅವಳು ಸೆಳವಿಗೆ ಸಿಕ್ಕವಳಂತೆ ಅಲ್ಲಿಯೇ ನಿಂತಳು.

"ಇಲ್ಲೊಂದು ಕುರ್ಚಿ ಹಾಕ್ತೀನಿ" ಎಂದಳು. "ಬೆಳಿಗ್ಗೆ ಕಾಫಿ ಹಿಡ್ಕೊಂಡು ಇಲ್ಲೇ ಕೂತಿರ್ತೀನಿ. ಯಾರೂ ಏನೂ ಕೇಳ್ಬಾರ್ದು. ಆ ರೈಲು ಹೋಗೋದು ನೋಡ್ತಾ ಇರ್ತೀನಿ. ಮಗಳ ಮಂಚ ಆ ಕೋಣೇಲಿ, ಗೋಡೆ ಪಕ್ಕ. ಗೋಡೆಗೆ ಹಳದಿ ಬಣ್ಣ ಹೊಡೀಬೇಕು, ತುಂಬಾ ಅಲ್ಲ, ತೆಳುವಾಗಿ."

ಅವಳ ಕೆನ್ನೆ ಕೆಂಪಾಗಿತ್ತು. ಏನು ನಾಟಕವಾಡುತ್ತಾಳಪ್ಪ ಇವಳು ಎಂದು ಟೋರ್ಬೆನ್ ಬೆರಗಾದ. ತನಗೋಸ್ಕರ ಇಷ್ಟು ಆಡುತ್ತಿದ್ದಾಳಲ್ಲ ಎಂದು ಎದೆಯ ಮೂಲೆಯಲ್ಲಿ ಏನೋ ಸ್ವಲ್ಪ ಬೆಚ್ಚಗಾಯಿತು. ಅಷ್ಟು ದಿನದ ಮೇಲೆ ಮೊದಲ ಸಲ.

ಹೊರಡುವಾಗ ಫ್ರೌ ಪಾಗೆಲ್ ಬಾಗಿಲಲ್ಲಿ ನಿಂತು, "ನೀವು ಹೆಚ್ಚು ಮಾತಾಡೋ ಪೈಕಿ ಅಲ್ಲ. ನಾವೂ ಹಂಗೇ ಇದ್ವಿ. ಒಲೆ, ಕಪಾಟು, ಎಲ್ಲಾ ಇಲ್ಲೇ ಬಿಟ್ಟು ಹೋಗ್ತೀನಿ, ಇಟ್ಕೊಳಿ" ಎಂದಳು. ಬರ್ಲಿನ್‌ನಲ್ಲಿ ಮನೆ ಬಿಡುವವರು ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗುತ್ತಾರೆ, ಹೋಲ್ಡರಿನ ಬಲ್ಬನ್ನೂ ಬಿಡುವುದಿಲ್ಲ. ಅಂಥ ಊರಿನಲ್ಲಿ ಈ ಮಾತು ಆಶೀರ್ವಾದಕ್ಕೆ ಸಮ.

ಆ ಸಂಜೆಯಿಂದ ನಮ್ಮ ಟೋರ್ಬೆನ್‌ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ನಾಟಕವೇ ಆಗಿದ್ದರೆ ಕ್ಯಾರೆಟ್ ಯಾಕೆ ಹಾಕಿದಳು? ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ. ಮರುದಿನ ಬೆಳಿಗ್ಗೆ ವೀಬ್ಕೆ ಎಂದಿನಂತೆ ಅಡುಗೆಮನೆಯ ಕಿಟಕಿ ತೆರೆದಿಟ್ಟು ಸ್ನಾನಕ್ಕೆ ಹೋದಳು. ಅವನು ಹಿಂದೆಯೇ ಬಂದ, ಹಿಡಿಗೆ ಕೈ ಹಾಕಿದ. ಮುಚ್ಚಲಿಲ್ಲ. ಕೋಟು ಹಾಕಿಕೊಂಡು, ತೆರೆದ ಕಿಟಕಿಯ ಮುಂದೆ ಕುಳಿತು ತನ್ನ ಬ್ರೆಡ್ಡು ತಿಂದ. ಮೂಗು ತಣ್ಣಗಾದರೂ ಅವನಿಗೆ ಹಿತವೆನ್ನಿಸಿತು. ಅವಳು ಸ್ನಾನ ಮುಗಿಸಿ ಬಂದು ಇದನ್ನು ನೋಡಿ ಏನಾದರೂ ಹೇಳುತ್ತಾಳೆ ಎಂದು ಕಾದ. ಅವಳು ಬಂದಳು, ಬೀಗದ ಕೈ ಹುಡುಕಿದಳು, ಯೆಟ್ಟೆಯ ಟೋಪಿ ಎಲ್ಲಿ ಎಂದು ಕೇಳಿದಳು, ಹೋದಳು. ನೋಡಿರುತ್ತಾಳೆ, ಹೇಳಲಿಲ್ಲ ಅಷ್ಟೆ ಎಂದುಕೊಂಡ. ಪೆದ್ದ! ಆದರೆ ಅವನನ್ನು ಆಡಿಕೊಳ್ಳಲು ನನಗೆ ಮನಸ್ಸು ಬಾರದು.

ಮುಂದಿನ ವಾರ ಫ್ರೌ ಪಾಗೆಲ್ ಫೋನ್ ಮಾಡಿ, "ನೀವೇ" ಎಂದು ಒಂದೇ ಮಾತು ಹೇಳಿ ಇಟ್ಟಳು. ಟೋರ್ಬೆನ್ ಆಗ ಟ್ರಾಮ್ ಡಿಪೋದಲ್ಲಿದ್ದ. ಮನೆ ಸಿಕ್ಕಿತು, ಯೆಟ್ಟೆ ತನ್ನಿಂದ ದೂರವಾಗುವುದಿಲ್ಲ. ಅದು ದೊಡ್ಡ ಸಂತೋಷವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಆ ಮನೆಗೆ ಮೂವರೂ ಹೋಗಬಾರದೇಕೆ? ಎರಡು ಕೋಣೆ ಇಕ್ಕಟ್ಟಾಗುತ್ತದೆ ನಿಜ. ಇಕ್ಕಟ್ಟಾದರೆ ಆಗಲಿ.

ಒಪ್ಪಂದಕ್ಕೆ ರುಜು ಹಾಕಲು ಬುಸ್ಸೆ ಅವರ ಮನೆಗೆ ಇಬ್ಬರೂ ಹೋದರು. ಬುಸ್ಸೆ ಫೈಲಿನ ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿ, ಎರಡು ಸಂಬಳ ಕಂಡ ಮೇಲೆ ಪೆನ್ನು ಕೊಟ್ಟರು. ಫ್ರೌ ಪಾಗೆಲ್ ಅಲ್ಲೇ ಕೂತಿದ್ದಳು. ರುಜು ಮುಗಿದ ಕೂಡಲೇ ಕೈಚೀಲದಿಂದ ಸಣ್ಣ ಪೊಟ್ಟಣ ತೆಗೆದು ಟೋರ್ಬೆನ್‌ನ ಅಂಗೈಯಲ್ಲಿಟ್ಟಳು. ಒಳಗೆ ಹಿತ್ತಾಳೆಯ ಹೆಸರುಪಟ್ಟಿ, ಬೀದಿಬಾಗಿಲ ಕರೆಗಂಟೆಯ ಪಕ್ಕ ಹಾಕುವಂಥದ್ದು. ಅವಳೇ ಬೀಗದ ಅಂಗಡಿಯಲ್ಲಿ ಕೆತ್ತಿಸಿ ತಂದಿದ್ದಳು. "ಹಾರ್ಮ್ಸ್" ಎಂದು ವೀಬ್ಕೆಯ ತವರಿನ ಹೆಸರು ಮೇಲೆ, "ರೆಷ್ಕೆ" ಎಂದು ಅವನದು ಕೆಳಗೆ.

"ಪ್ಲಾಸ್ಟಿಕ್ ಪಟ್ಟಿ ಹಾಕಿದ್ರೆ ನೋಡಿ ಮತ್ತೆ" ಎಂದಳು. "ಇದು ಬಾಳಿಕೆ ಬರುತ್ತೆ. ನಮ್ಮದು ಐವತ್ತು ವರ್ಷ ಬಂತು."

ಟೋರ್ಬೆನ್ ಪಟ್ಟಿಯನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿದ. ಅವಳ ಕೈ ಕುಲುಕಿ, ಏನೋ ತೊದಲಿ ಹೊರಗೆ ಬಂದ. ಅಂಗಳದಲ್ಲಿ ಸೈಕಲ್ಲುಗಳ ಪಕ್ಕ ಇಬ್ಬರೂ ನಿಂತರು. ಈಗ ಹೇಳಿಬಿಡಬೇಕು ಎಂದು ಅವನು ಉಸಿರು ಎಳೆದುಕೊಂಡ.

"ವೀಬ್ಕೆ, ನಾನು ಯೋಚ್ನೆ ಮಾಡ್ತಿದ್ದೆ..."

"ನಾನೂನೂ" ಎಂದಳು ಅವಳು. "ಟೋರ್ಬೆನ್, ನಾನೇ ಇಲ್ಲಿಗೆ ಬರ್ತೀನಿ."

"ಹೂಂ?"

"ನೀನು ಅಲ್ಲೇ ಇರು, ಹಳೇ ಮನೇಲಿ. ನಾನು ಇಲ್ಲಿಗೆ ಬರ್ತೀನಿ. ಯೆಟ್ಟೆ ಒಂದು ವಾರ ನಿನ್ ಹತ್ರ, ಒಂದು ವಾರ ನನ್ ಹತ್ರ. ಮಾತಾಡಿದ್ವಲ್ಲ, ಹಂಗೇ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಹೊರಡಬೇಕಾದೋನು ನಾನು ತಾನೆ?"

"ಯಾರು ಹಂಗಂದ್ರು?"

"ನೀನೇ ಅಂದೆ. ಈಸ್ಟರ್ ಒಳಗೆ."

"ಒಬ್ರು ಹೊರಡಬೇಕು ಅಂದೆ. ನೀನೇ ಓಡಿ ಓಡಿ ಹುಡುಕೋಕೆ ಶುರು ಮಾಡ್ದೆ. ನಂಗೆ ಹೊರಗೆ ಹೋಗ್ಬೇಕು ಅನ್ನಿಸಬಹುದು ಅಂತ ಒಂದ್ಸಲನಾದ್ರೂ ಕೇಳಿದ್ಯಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅವತ್ತು ಆ ಕಿಟಕಿ ಹತ್ರ ನಿಂತಾಗಲೇ ಗೊತ್ತಾಯ್ತು ನಂಗೆ. ನಿನ್ನೆದುರೇ ಹೇಳಿದ್ನಲ್ಲ, ಕುರ್ಚಿ ಎಲ್ಲಿ ಹಾಕ್ತೀನಿ ಅಂತ."

"ನಾಟಕ ಅಂದ್ಕೊಂಡೆ."

"ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ" ಎಂದಳು ವೀಬ್ಕೆ. ಆಮೇಲೆ, "ನೀನೇನೋ ಹೇಳ್ತಿದ್ದೆ" ಎಂದಳು.

"ಏನಿಲ್ಲ. ಹಳದಿ ಬಣ್ಣದ ಡಬ್ಬಿ ಎತ್ಕೊಂಡು ಬರೋಕೆ ಸಹಾಯ ಬೇಕಾದ್ರೆ ಹೇಳು ಅಂತ."

"ಬೇಕಾಗುತ್ತೆ. ಥ್ಯಾಂಕ್ಸ್."

ಅಷ್ಟೇ ಆಗಿದ್ದು. ಅವನು ಟ್ರಾಮ್ ಹತ್ತಿ ಡ್ಯೂಟಿಗೆ ಹೋದ. ನಿಲ್ದಾಣಗಳಲ್ಲಿ ಬಾಗಿಲು ತೆರೆದ, ಮುಚ್ಚಿದ. ಮನೆ ಉಳಿಯಿತು, ಮಗಳು ಉಳಿದಳು, ಕೋಟ್‌ಬುಸ್ ತಪ್ಪಿತು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತಲ್ಲ, ಇನ್ನೇನು ಎಂದು ತನಗೆ ತಾನೇ ಹೇಳಿಕೊಂಡ. ಮೈ ಮತ್ತೆ ಮೊದಲಿನಂತೆ ಮರಗಟ್ಟಿತು. ಹಳೆಯ ಬಾಡಿಗೆಯ ಮನೆ ಬಿಟ್ಟು ಹೋಗುವವರು ಎರಡೇ ಥರ ಎಂಬ ಮುದುಕಿಯ ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ವೀಬ್ಕೆ ಸತ್ತಿರಲಿಲ್ಲ, ಅವಳಿಗೆ ಹುಚ್ಚೂ ಹಿಡಿದಿರಲಿಲ್ಲ. ಹಾಗಾದರೆ ಅವಳಿಗೆ ಆ ಮನೆಯಲ್ಲಿ, ಅವನ ಪಕ್ಕದಲ್ಲಿ, ಎಷ್ಟು ಉಸಿರು ಕಟ್ಟಿರಬೇಕು!

ಈಸ್ಟರ್‌ಗೆ ಮೊದಲೇ ಅವಳು ಹೋದಳು. ಟೋರ್ಬೆನ್ ಬಣ್ಣದ ಡಬ್ಬಿ ಹೊತ್ತ, ಪೆಟ್ಟಿಗೆಗಳನ್ನು ಇಳಿಸಿದ, ಯೆಟ್ಟೆಯ ಎರಡನೇ ಮಂಚವನ್ನು ಗೋಡೆ ಪಕ್ಕ ಜೋಡಿಸಿದ. ಹಿತ್ತಾಳೆಯ ಪಟ್ಟಿಯನ್ನು ಬೀದಿಬಾಗಿಲಿಗೆ ತಿರುಪು ಹಾಕಿ ಕೂರಿಸಿದವನೂ ಅವನೇ. ಒಪ್ಪಂದ ಗಂಡ ಹೆಂಡತಿ ಇಬ್ಬರದಾದ್ದರಿಂದ ಎರಡು ಹೆಸರೂ ಇರಲೇಬೇಕಿತ್ತು. ಮುಂದಿನ ಕಟ್ಟಡದ ಕಿಟಕಿಯಲ್ಲಿ ಬುಸ್ಸೆ ದಿಂಬಿನ ಮೇಲೆ ಮೊಣಕೈಯೂರಿ ನೋಡುತ್ತಿದ್ದರು. "ನೆಟ್ಟಗಿದ್ಯಾ?" ಎಂದು ಕೇಳಿದ. "ಬಲಗಡೆ ಸ್ವಲ್ಪ ಎತ್ತಿ" ಎಂದರು ಬುಸ್ಸೆ. ಎತ್ತಿದ.

ಯೆಟ್ಟೆಯ ಮೊದಲ ವಾರ ಅಪ್ಪನ ಪಾಲಿಗೆ ಬಂತು. ಒಂದು ಸಂಜೆ ಅವಳು ಮೊಸರು ತೆಗೆಯಲು ಫ್ರಿಜ್ಜಿನ ಬಾಗಿಲು ತೆಗೆದಳು. ತೆಗೆದವಳು ಹಾಗೇ ನಿಂತು ನೋಡಿದಳು. ಕೆಳಗಿನ ಅರೆಯಲ್ಲಿ ಹಾಲು, ಬೆಣ್ಣೆ, ಮೊಟ್ಟೆ, ಸಾಸಿವೆ, ಸಾಸೇಜು ಎಲ್ಲ ಒಂದರ ಮೇಲೊಂದು ತುರುಕಿಕೊಂಡಿದ್ದವು. ಮೇಲಿನ ಅರೆ ಒರೆಸಿಟ್ಟಂತೆ ಖಾಲಿ.

"ಪಪ್ಪಾ, ಮೇಲೆ ಅಷ್ಟು ಜಾಗ ಇದ್ಯಲ್ಲ. ಯಾಕೆ ಇಲ್ಲೇ ತುರುಕ್ತೀಯ?"

ಟೋರ್ಬೆನ್ ಬಂದು ನೋಡಿದ. ಅವನಿಗೆ ಅದು ಹೊಳೆದೇ ಇರಲಿಲ್ಲ.

"ಅಭ್ಯಾಸ" ಎಂದ.

"ನಾನು ಎತ್ತಿಡ್ಲಾ?"

"ಬೇಡ, ಬಿಡು. ಆಮೇಲೆ ಇಡ್ತೀನಿ."

ಇಡಲಿಲ್ಲ. ಭಾನುವಾರದವರೆಗೂ ಹಾಗೇ ಇತ್ತು.

ಭಾನುವಾರ ಮಗಳನ್ನು ಅಮ್ಮನ ಮನೆಗೆ ಬಿಡಬೇಕು. ಹೊಸ ಮನೆಗೆ ಹೋದವರಿಗೆ ಬ್ರೆಡ್ಡು ಮತ್ತು ಉಪ್ಪು ಕೊಡುವುದು ಆ ಕಡೆಯ ಪದ್ಧತಿ. ಮನೆಯಲ್ಲಿ ಯಾವತ್ತೂ ಕಡಿಮೆಯಾಗದಿರಲಿ ಎಂದು ಬಂದ ಅತಿಥಿಗಳು ಕೊಡುತ್ತಾರೆ. ಟೋರ್ಬೆನ್ ಬೆಳಿಗ್ಗೆಯೇ ಬೇಕರಿಗೆ ಹೋಗಿ ಒಂದು ದುಂಡನೆಯ ಕಪ್ಪು ಬ್ರೆಡ್ಡು ತಂದ, ಉಪ್ಪಿನ ಸಣ್ಣ ಪೊಟ್ಟಣವನ್ನು ದಾರದಿಂದ ಅದಕ್ಕೆ ಕಟ್ಟಿದ. ಕಟ್ಟುವಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ. ಮಾಡಬೇಕಾದ್ದು, ಮಾಡಿದ.

ಶಾಲೆಯ ಹಿಂದಿನ ಬೀದಿಗೆ ಇಬ್ಬರೂ ನಡೆದೇ ಹೋದರು. ಯೆಟ್ಟೆ ಚೀಲ ಕುಣಿಸುತ್ತಾ ಮುಂದೆ. ಬೀದಿಬಾಗಿಲ ಬಳಿ ಬಂದಾಗ ಟೋರ್ಬೆನ್ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಬೀಗದ ಕೈ ಹುಡುಕಿದ. ಈ ಬಾಗಿಲಿನದು ಅವನ ಬಳಿ ಇರಲಿಲ್ಲ. ಗೋಡೆಯ ಮೇಲೆ ಉಳಿದವರದೆಲ್ಲ ಪ್ಲಾಸ್ಟಿಕ್ ಪಟ್ಟಿ. ಒಂದೇ ಒಂದು ಹಿತ್ತಾಳೆಯದು ಬಿಸಿಲಿಗೆ ಹೊಳೆಯುತ್ತಿತ್ತು. ನೆಟ್ಟಗೆ, ಬಿಗಿಯಾಗಿ, ಐವತ್ತು ವರ್ಷ ಬಾಳಿಕೆ ಬರುವ ಹಾಗೆ. ಬೀದಿಯಲ್ಲಿ ಹೋಗುವ ಯಾರು ನೋಡಿದರೂ ಇಲ್ಲಿ ರೆಷ್ಕೆ ಎಂಬವನೊಬ್ಬ ಹೆಂಡತಿಯ ಜೊತೆ ಸಂಸಾರ ಮಾಡಿಕೊಂಡಿದ್ದಾನೆ ಎಂದು ಹೇಳುತ್ತಿದ್ದರು. ಅವನು ಬ್ರೆಡ್ಡನ್ನು ಎಡಗೈಗೆ ಬದಲಿಸಿಕೊಂಡು, ತನ್ನ ಹೆಸರಿನ ಪಕ್ಕದ ಗುಂಡಿ ಒತ್ತಿ ಕಾದ.

ಹಿಂದಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಗಂಟೆ ಬಾರಿಸಿದ್ದು ಅಂಗಳ ದಾಟಿ ಇಲ್ಲಿಗೂ ಕೇಳಿಸಿತು. ಕಿಟಕಿ ತೆರೆದೇ ಇದ್ದಿರಬೇಕು. ಗೋಡೆಯ ಸ್ಪೀಕರಿನ ಜಾಲರಿಯೊಳಗಿಂದ ವೀಬ್ಕೆಯ ದನಿ ಬಂತು. ಹಗುರವಾದ ದನಿ, ಅವನು ಮರೆತೇಬಿಟ್ಟಿದ್ದ ದನಿ.

"ಯಾರದು?"

ಟೋರ್ಬೆನ್ ಬಾಯಿ ತೆರೆದ. ನಾನು ಎನ್ನಬೇಕು. ನಾನು ಎಂದರೆ ಯಾರು? ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ ಆ ನೋವು, ಸೂಜಿಯ ಮದ್ದು ಇಳಿದ ಹಲ್ಲಿನಂತೆ ಒಮ್ಮೆಲೇ ಎದ್ದು ಕೂತಿತು. ಕಣ್ಣು ಮಂಜಾಯಿತು. ಹಿತ್ತಾಳೆಯ ಮೇಲಿನ ಅಕ್ಷರಗಳು ಕಲಸಿಹೋದವು.

"ಹಲೋ? ಯಾರು?"

"ಯೆಟ್ಟೆ ಅಪ್ಪ" ಎಂದ.

ಯೆಟ್ಟೆ ಕಿಸಕ್ಕನೆ ನಕ್ಕಳು. "ಅಯ್ಯೋ ಪಪ್ಪಾ, ಮಮ್ಮಾಗೆ ನಿನ್ನ ಹೆಸರು ಗೊತ್ತು!"

ಮೇಲಿನಿಂದ ವೀಬ್ಕೆ ಗುಂಡಿ ಒತ್ತಿದಳು, ಬಾಗಿಲು ಝೀ ಎಂದು ಸದ್ದು ಮಾಡಿ ತೆರೆದುಕೊಂಡಿತು. ಮಗಳು ಅವನ ಕೈಯಿಂದ ಬ್ರೆಡ್ಡನ್ನು ಕಿತ್ತುಕೊಂಡು, "ನಾನೇ ಕೊಡ್ತೀನಿ" ಎನ್ನುತ್ತಾ ಅಂಗಳ ದಾಟಿ ಓಡಿದಳು. ಟೋರ್ಬೆನ್ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಅವಳು ಮೆಟ್ಟಿಲು ಹತ್ತುವ ಸದ್ದು ನಿಲ್ಲುವವರೆಗೂ ಬಾಗಿಲು ಹಿಡಿದುಕೊಂಡು ನಿಂತಿದ್ದು, ಆಮೇಲೆ ಅದನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದ.